ಮರದ ಖಡ್ಗ, ಮರೆತ ಪಟ್ಟಾ



ಪುಣೆಯಲ್ಲಿ ನೌಕರಿಗಿರುವ ನಮ್ಮೂರ ತರುಣನೊಬ್ಬನು ಅಲ್ಲಿಯ ವ್ಯಾಯಾಮ ಸಂಘವೊಂದರಲ್ಲಿ ಜಪಾನೀ ಖಡ್ಗವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದಾನೆ. ಈ ಸುದ್ದಿಯಿಂದ ಚಿಂತೆಗೊಳಗಾದ ಅವನ ತಂದೆಯವರು ಶಾಲೆಗೆ ಬಂದು, “ಗುರುಗಳ, ನೌಕರಿ ಮುಗಿಸಿ ಬಂದು ಕಟಗೀ ಖಡ್ಗ ಹಿಡದು ಗಾಳಿ ಕಡೀತಾನಂತ್ರಿ. ಇದರಾಗ ಏನ್ ಬಂತ್ರಿ?” ಎಂದು ಕೇಳಿದರು. ಪ್ರಶ್ನೆ ಸರಳವಾದರೂ ಉತ್ತರ ಅಷ್ಟು ಸರಳವಲ್ಲ; ಅದು ಜಪಾನಿನಿಂದ ಹೊರಟು ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತದೆ.

ಗಾಳಿಯನ್ನು ಕಡಿಯುವ ಈ ಅಭ್ಯಾಸಕ್ಕೆ ಅಲ್ಲಿ ‘ಕಟಾ’ ಎಂದು ಹೆಸರು. ಒರೆಯಿಂದ ಖಡ್ಗವನ್ನು ಹಿರಿಯುವುದು, ಹೊಡೆಯುವುದು, ಅಂಟಿದ ರಕ್ತವನ್ನು ಝಾಡಿಸಿದಂತೆ ಅಭಿನಯಿಸುವುದು, ಮರಳಿ ಒರೆಗೆ ಸೇರಿಸುವುದು: ಇವಿಷ್ಟನ್ನೂ ಕ್ರಮ ತಪ್ಪದೆ ನೂರಾರು ಸಲ ಮಾಡಬೇಕು. ಒಬ್ಬನೇ ಮಾಡುವಾಗ ಸಾಮಾನ್ಯವಾಗಿ ಹರಿತವಿಲ್ಲದ ಲೋಹದ ಖಡ್ಗ; ಇಬ್ಬರು ಎದುರುಬದುರು ನಿಂತಾಗ ಓಕ್ ಮರದಿಂದ ಮಾಡಿದ ‘ಬೊಕ್ಕೆನ್’. ಖಡ್ಗಕ್ಕೂ ಎದುರಾಳಿಗೂ ನಮಸ್ಕರಿಸದೆ ಅಭ್ಯಾಸ ಆರಂಭವಾಗುವುದಿಲ್ಲ.

ಶಿಕ್ಷಕನಾದ ನನ್ನನ್ನು ಅತ್ಯಂತ ಆಕರ್ಷಿಸಿದ ಸಂಗತಿ ಬೇರೆಯೇ ಇದೆ. ಅಲ್ಲಿಯ ಪುರಾತನ ಸಂಪ್ರದಾಯಗಳ ಜೋಡಿ ಕಟಾಗಳಲ್ಲಿ ಮುನ್ನುಗ್ಗಿ ಹೊಡೆದು ಕೊನೆಗೆ ಸೋಲುವ ಪಾತ್ರ ಸಾಮಾನ್ಯವಾಗಿ ಹಿರಿಯನದು; ಗೆಲ್ಲುವ ಪಾತ್ರ ಕಿರಿಯನದು. ಶಿಷ್ಯನ ಶಕ್ತಿಯನ್ನು ಅಳೆದು, ಎಷ್ಟು ವೇಗದಿಂದ ಬರಬೇಕು, ಎಷ್ಟು ಅಂತರದಲ್ಲಿ ನಿಲ್ಲಬೇಕೆಂಬುದನ್ನು ಗುರುವೇ ನಿಶ್ಚಯಿಸಿ, ದಿನಕ್ಕೊಂದಿಷ್ಟು ಕಠಿಣಗೊಳಿಸುತ್ತ, ಪ್ರತಿಸಲವೂ ತಾನೇ ಸೋಲುತ್ತಾನೆ. ಡಿ.ಎಡ್. ತರಬೇತಿಯಲ್ಲಿ ನಮಗೆ ‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸಿದ್ದರು. ವಿದ್ಯಾರ್ಥಿಯ ಮುಂದೆ ಕ್ರಮಬದ್ಧವಾಗಿ ಸೋಲುವುದೂ ಒಂದು ಬೋಧನಾಪದ್ಧತಿಯೆಂದು ಯಾರೂ ಹೇಳಿಕೊಡಲಿಲ್ಲ!

ಈ ವಿದ್ಯೆ ಅಲ್ಲಿ ಸುಖವಾಗಿ ಉಳಿದು ಬಂದಿತೆಂದು ಭಾವಿಸಬೇಡಿರಿ. 1873ರಲ್ಲಿ ಸಕಾಕಿಬಾರಾ ಕೆನ್‌ಕಿಚಿ ಎಂಬ ಖಡ್ಗಾಚಾರ್ಯನು ಕೆಲಸ ಕಳೆದುಕೊಂಡ ಯೋಧರನ್ನು ಕೂಡಿಸಿ ಟೋಕಿಯೋದಲ್ಲಿ ಟಿಕೀಟು ಇಟ್ಟು ಖಡ್ಗದಾಟದ ಪ್ರದರ್ಶನ ನಡೆಸಬೇಕಾಯಿತು. 1876ರಲ್ಲಿ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನೇ ಅಲ್ಲಿಯ ಸರಕಾರ ನಿಷೇಧಿಸಿತು. ಆದರೆ 1911ರಲ್ಲಿ ಖಡ್ಗವಿದ್ಯೆ ಮಾಧ್ಯಮಿಕ ಶಾಲೆಗಳನ್ನು ಪ್ರವೇಶಿಸಿತು. ಮರುವರ್ಷ ಬೇರೆಬೇರೆ ಪಂಥಗಳ ಆಚಾರ್ಯರು ಕೂಡಿ ಹತ್ತು ಸಾಮಾನ್ಯ ಕಟಾಗಳನ್ನು ನಿಗದಿಪಡಿಸಿದರು. ಯುದ್ಧಕಾಲದಲ್ಲಿ ಇದೇ ಶಿಕ್ಷಣ ಸೈನಿಕೋನ್ಮಾದಕ್ಕೆ ದಾಸಿಯಾಯಿತೆಂಬುದನ್ನೂ ಮರೆಯಬಾರದು. ಆ ಕಾರಣದಿಂದಲೇ 1945ರ ನಂತರ ಶಾಲೆಗಳಲ್ಲಿ ಅದಕ್ಕೆ ಪ್ರತಿಬಂಧ ಬಿದ್ದಿತು. 1952ರಲ್ಲಿ ಅಖಿಲ ಜಪಾನ್ ಕೆಂಡೋ ಮಹಾಸಂಘ ಸ್ಥಾಪನೆಯಾದ ಮೇಲೆ ಅದು ಕ್ರೀಡೆಯಾಗಿ ಮರಳಿತು. ಹುಡುಗನ ತಂದೆಯವರಿಗೆ ನಾನು ಇಷ್ಟೇ ಹೇಳಿದೆ: ನಿಮ್ಮ ಮಗ ಕಲಿಯುತ್ತಿರುವುದು ಕಡಿಯುವುದನ್ನಲ್ಲ, ಕ್ರಮವನ್ನು.

ಇನ್ನು ನಮ್ಮ ಕಥೆ. ಜಪಾನಿನ ನಿಷೇಧಕ್ಕೆ ಎರಡೇ ವರ್ಷಗಳ ತರುವಾಯ, 1878ರಲ್ಲಿ, ಲಾರ್ಡ್ ಲಿಟನ್ನನ ಕಾಲದ ಶಸ್ತ್ರಾಸ್ತ್ರ ಕಾಯದೆ ಇಲ್ಲಿಯೂ ಬಂದಿತು. ನಮ್ಮಲ್ಲಿಯೂ ಖಡ್ಗವಿದ್ಯೆ ಇರಲಿಲ್ಲವೇ? ದಾಂಡಪಟ್ಟಾ ಇತ್ತು. ಕೈಯನ್ನು ಮೊಣಕೈಯವರೆಗೆ ಮುಚ್ಚುವ ಲೋಹದ ಗವಸು, ಅದರ ತುದಿಗೆ ಉದ್ದನೆಯ ಬಳುಕುವ ಅಲಗು. ಮಣಿಕಟ್ಟು ಮಡಿಚಲು ಬಾರದಾದ್ದರಿಂದ ಭುಜ, ಸೊಂಟ, ಪಾದಗಳೆಲ್ಲ ಕೂಡಿಯೇ ತಿರುಗಬೇಕು. ಹೆಜ್ಜೆ ತಪ್ಪಿದರೆ ಅಲಗು ತನ್ನವರಿಗೇ ಬಡಿಯುವುದು. ವಿಜಾಪುರದ ದಂಡಿನವರೂ ಮರಾಠರ ದಂಡಿನವರೂ ಅದನ್ನು ಬೀಸಿದವರೇ. ಅದು ಯಾವ ಭಾಷೆಯ ಗಡಿಯನ್ನೂ ಕೇಳಿರಲಿಲ್ಲ. ಕಲಿಯುವವರಿಗಾಗಿ ಚರ್ಮ ಹೊದಿಸಿದ ಕೋಲು ಮತ್ತು ಚರ್ಮದ ಢಾಲಿನ ಫರೀಗದ್ಗಾ ಸಹ ಇತ್ತು. ಜಪಾನೀಯರ ಮರದ ಖಡ್ಗಕ್ಕೆ ಅದು ಯಾವುದರಲ್ಲಿ ಕಡಿಮೆ?

ಕುಸ್ತಿಗೆ ಕೊಲ್ಲಾಪುರದ ಶಾಹೂ ಮಹಾರಾಜರಂಥ ಆಶ್ರಯದಾತರು ದೊರೆತರು. ಪಟ್ಟಾಕ್ಕೆ ದೊರೆತದ್ದು ಮೆರವಣಿಗೆ. ಕೊಲ್ಲಾಪುರದ ತಾಲೀಮುಗಳಲ್ಲಿ ಮರ್ದಾನಿ ಖೇಳ ಎಂಬ ಹೆಸರಿನಿಂದ ಅದನ್ನು ಇಂದಿಗೂ ಕಲಿಸುತ್ತಾರೆ, ಹುಡುಗಿಯರೂ ಕಲಿಯುತ್ತಾರೆ, ಅದು ಶ್ಲಾಘನೀಯ. ನಮ್ಮ ಕಡೆ ಮಾತ್ರ ಅಂಗೈಯ ಮೇಲಿನ ಲಿಂಬೆಹಣ್ಣನ್ನು ಎರಡು ಹೋಳು ಮಾಡಿ ಚಪ್ಪಾಳೆ ಗಿಟ್ಟಿಸುವುದೇ ಪಟ್ಟಾ ಎಂದಾಗಿದೆ. ಕೊನೆಯ ಪಾಠವನ್ನು ಮೊದಲೇ ಓದಿದಂತೆ ಇದು! 2024ರಲ್ಲಿ ಮಹಾರಾಷ್ಟ್ರ ಸರಕಾರ ದಾಂಡಪಟ್ಟಾವನ್ನು ರಾಜ್ಯಶಸ್ತ್ರವೆಂದು ಘೋಷಿಸಿತು. ಸಂತೋಷದ ಮಾತೇ. ಆದರೆ ಘೋಷಣೆಯಿಂದ ಹೆಜ್ಜೆ ಬಾರದು.

ಕಟಾ ಎಂಬುದಕ್ಕೆ ನಮ್ಮ ಕನ್ನಡದಲ್ಲಿ ಎಷ್ಟು ಸೊಗಸಾದ ಶಬ್ದವಿದೆ ನೋಡಿರಿ: ವರಸೆ. ಕತ್ತಿವರಸೆ, ದೊಣ್ಣೆವರಸೆ ಎನ್ನುತ್ತೇವೆ. ಕರ್ನಾಟಕ ಸಂಗೀತದಲ್ಲಿಯೂ ಸರಳೆ ವರಸೆ, ಜಂಟಿ ವರಸೆ ಎನ್ನುತ್ತೇವೆ. ಸಂಗೀತದ ವರಸೆಗಳು ಪುಸ್ತಕಕ್ಕೆ ಬಂದವು. ಇಂದು ಯಾವ ಊರಿನ ಮಗುವೂ ಅವನ್ನು ಮೊದಲಿನಿಂದ ಕಲಿಯಬಹುದು. ಪಟ್ಟಾದ ವರಸೆಗಳೋ ವಸ್ತಾದರ ದೇಹದಲ್ಲಿಯೇ ಇವೆ, ದೇಹದೊಡನೆಯೇ ಹೋಗುತ್ತಿವೆ.

ಎಪ್ಪತ್ತು ದಾಟಿದ ವಸ್ತಾದರೊಬ್ಬರನ್ನು ಕಳೆದ ಬೇಸಿಗೆಯಲ್ಲಿ ಶಾಲೆಗೆ ಕರೆತಂದೆವು. “ಬಾಯಿಲೆ ಹೇಳಾಕ ಬರೂದಿಲ್ಲರಿ, ನಿಂತ್ರನ ನೆನಪಾಗತೈತಿ” ಎಂದು ಅವರು ಲಾಠಿ ಹಿಡಿದು ನಿಂತರು. ಏಳನೆಯ ಇಯತ್ತೆಯ ಇಬ್ಬರು ಹುಡುಗಿಯರು ಅವರ ಪಾದಗಳ ಸುತ್ತಲೂ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಎಡ ಬಲ ಗುರುತು ಹಾಕಿ, ನಂತರ ವಹಿಯಲ್ಲಿ ಇಳಿಸಿಕೊಂಡರು. ಎಂಟು ಹೆಜ್ಜೆಗಳ ವರಸೆ ಅದು. ಐದು ಹೆಜ್ಜೆ ಸರಾಗವಾಗಿ ಬಂದವು. ಆರನೆಯದಕ್ಕೆ ತೋಳು ಭುಜದ ಮೇಲೆ ಏಳಬೇಕು, ಏಳಲಿಲ್ಲ. ತೋಳಿಲ್ಲದೆ ಪಾದವೂ ನೆನಪಾಗಲಿಲ್ಲ. ಅವರು ತುಸು ಹೊತ್ತು ಹಾಗೆಯೇ ನಿಂತು, ಏಳು ಮತ್ತು ಎಂಟನೆಯದನ್ನು ತೋರಿಸಿ ಕುರ್ಚಿಯ ಮೇಲೆ ಕುಳಿತರು.

ಈಗ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹದಿನಾಲ್ಕು ಮಕ್ಕಳು ಆ ಐದು ಹೆಜ್ಜೆಗಳನ್ನು ಬರಿಯ ಕೋಲಿನಿಂದ ಅಭ್ಯಾಸ ಮಾಡುತ್ತಾರೆ. ಹರಿತವಾದ ಯಾವ ವಸ್ತುವನ್ನೂ ಶಾಲೆಯ ಆವಾರದೊಳಗೆ ಬಿಡುವುದಿಲ್ಲ, ಪಾಲಕರು ನಿಶ್ಚಿಂತರಾಗಿರಬೇಕು. ವಹಿಯಲ್ಲಿ ಆರನೆಯ ಹೆಜ್ಜೆಯ ಪುಟ ಖಾಲಿಯಿದೆ. ಜತ್ತ, ಮಂಗಳವೇಢೆ, ಇಂಡಿ ತಾಲೂಕುಗಳ ವಾಚಕರ ಮನೆಗಳಲ್ಲಿ ಪಟ್ಟಾ ಬೀಸಿದ ಅಜ್ಜಂದಿರಾಗಲಿ, ಕಾಕಾಂದಿರಾಗಲಿ ಇದ್ದರೆ ದಯವಿಟ್ಟು ಅವರನ್ನು ಒಮ್ಮೆ ಅಂಗಳದಲ್ಲಿ ನಿಲ್ಲಿಸಿ, ಪಾದದ ಗುರುತು ತೆಗೆದು, ನಮ್ಮ ಶಾಲೆಗೆ ಕಳಿಸಿರಿ.