ಅತಿವಾಹನ

ಕೊಳ್ಳೇಗಾಲದ ಒಬ್ಬ ದಿನಸಿ ವರ್ತಕರು ಸಣ್ಣ ಕಾರೊಂದನ್ನು ಕೊಳ್ಳಲು ಮೈಸೂರಿನ ಶೋರೂಮಿಗೆ ಹೊರಟರೆಂದು ಇಟ್ಟುಕೊಳ್ಳಬಹುದು. ಮನೆಯಲ್ಲಿ ಐವರು. ವಾರಕ್ಕೆ ಎರಡು ಸಲ ವಸೂಲಿಗೆಂದು ಹನೂರು, ಒಂದು ಸಲ ಯಳಂದೂರು, ಆಗೊಮ್ಮೆ ಈಗೊಮ್ಮೆ ಕನಕಗಿರಿಯ ದರ್ಶನ, ಮೊಣಕಾಲು ನೋವಿನ ವೃದ್ಧೆ ತಾಯಿಯನ್ನು ಬಸದಿಗೂ ಆಸ್ಪತ್ರೆಗೂ ಕರೆದೊಯ್ಯುವ ಕೆಲಸ. ಇಷ್ಟಕ್ಕೆ ಎಂಟು ಲಕ್ಷ ರೂಪಾಯಿ ಸಾಕೆಂದು ಮನೆಯಲ್ಲಿ ಲೆಕ್ಕ ಹಾಕಿ ಹೊರಟವರು ಸಂಜೆಗೆ ಹನ್ನೆರಡು ಲಕ್ಷದ ಬುಕಿಂಗ್ ರಸೀದಿ ಹಿಡಿದು ಮರಳುತ್ತಾರೆ. ರಸ್ತೆ ಉದ್ದವಾಗಲಿಲ್ಲ, ಮನೆಯ ಜನ ಹೆಚ್ಚಲಿಲ್ಲ, ತಾಯಿಯ ಮೊಣಕಾಲು ಬೆಳಗ್ಗೆ ಇದ್ದಂತೆಯೇ ಇದೆ. ಬೆಳೆದದ್ದು ಯಾವುದು?

ಶೋರೂಮಿನ ಯುವಕನು ಸುಳ್ಳೇನೂ ಹೇಳಿರುವುದಿಲ್ಲ. ‘ಇನ್ನು ನಲವತ್ತು ಸಾವಿರ ಸೇರಿಸಿದರೆ ಇದರ ಮೇಲಿನ ವೇರಿಯಂಟ್ ಬರುತ್ತದೆ ಸಾರ್’ ಎಂದಷ್ಟೇ ಹೇಳಿರುತ್ತಾನೆ; ಆದರೆ ಆ ಮಾತನ್ನು ಏಳೆಂಟು ಸಲ ಹೇಳಿರುತ್ತಾನೆ. ಮಾರುತಿ ಸುಜುಕಿಯ ಫ್ರಾಂಕ್ಸ್ 2023ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಶೋರೂಮ್ ಬೆಲೆ 7.46 ಲಕ್ಷದಿಂದ ಆರಂಭವಾಗಿ 13.13 ಲಕ್ಷದವರೆಗೆ ಹೋಗುತ್ತಿತ್ತು. ಹೆಸರು ಒಂದೇ, ಉದ್ದ ಒಂದೇ, ಕೂರುವವರು ಐವರೇ. ಅದೇ ವರ್ಷದ ಜುಲೈನಲ್ಲಿ ಬಂದ ಹ್ಯುಂಡೈ ಎಕ್ಸ್‌ಟರ್ 5.99 ಲಕ್ಷದಲ್ಲಿ ತೊಡಗಿ 9.99 ಲಕ್ಷ ಮುಟ್ಟುತ್ತಿತ್ತು. ಈ ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ನಡುವಣ ಅಂತರದಲ್ಲಿಯೇ ಶ್ರಾವಕನ ಐದನೆಯ ಅಣುವ್ರತವು ಉಳಿಯುವುದೋ ಅಳಿಯುವುದೋ ನಿರ್ಣಯವಾಗುತ್ತದೆ. ಆದರೆ ಸಮಾಜದಲ್ಲಿ ಈ ಪ್ರಶ್ನೆಯನ್ನು ಯಾರೂ ಧರ್ಮದ ಪ್ರಶ್ನೆಯೆಂದು ಎಣಿಸುತ್ತಿಲ್ಲ. ಕಾರಿನ ಎಂಜಿನ್ನು ಮೆಕ್ಯಾನಿಕ್ಕಿನ ವಿಷಯ, ಸೀಟಿನ ಹೊದಿಕೆ ಹೆಂಡತಿ ಮಕ್ಕಳ ವಿಷಯ, ಧರ್ಮವು ಪರ್ಯೂಷಣದ ವಿಷಯ ಎಂದು ಹಂಚಿಕೊಂಡಾಗಿದೆ.

ಈ ಹಂಚಿಕೆಯು ಶಾಸ್ತ್ರಸಮ್ಮತವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ತೆರೆದವರಿಗೆ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳು ಅಪರಿಚಿತವಲ್ಲ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಮೊದಲನೆಯದೇ ಅತಿವಾಹನ. ಎತ್ತು ಮೊದಲಾದವುಗಳನ್ನು ಅವು ಸುಖವಾಗಿ ಸಾಗಬಲ್ಲ ದೂರವನ್ನು ಮೀರಿ ಲೋಭದಿಂದ ಓಡಿಸುವುದು ಎಂದು ಅದರ ಅರ್ಥ. ಇಲ್ಲಿ ವಿಚಾರಾರ್ಹವಾದ ಒಂದು ಸೂಕ್ಷ್ಮವಿದೆ. ಎತ್ತಿಗೆ ನೋವಾಗುವುದರಿಂದ ಇದು ಅಹಿಂಸಾಣುವ್ರತದ ಅತಿಚಾರವಾಗಬೇಕಿತ್ತು. ಭಾರ ಹೇರುವ ದೋಷವನ್ನು ಆಚಾರ್ಯರು ಅಹಿಂಸೆಯ ಪಟ್ಟಿಯಲ್ಲಿಯೂ ಹೇಳಿದ್ದಾರೆ, ಪರಿಗ್ರಹದ ಪಟ್ಟಿಯಲ್ಲಿಯೂ ಹೇಳಿದ್ದಾರೆ. ಅತಿಯಾಗಿ ಓಡಿಸುವ ದೋಷವನ್ನು ಮಾತ್ರ ಪರಿಗ್ರಹದಲ್ಲಿಯೇ ಇಟ್ಟಿದ್ದಾರೆ. ಓಡುವ ಎತ್ತಿಗಿಂತ ಓಡಿಸುವವನ ಮನಸ್ಸಿನ ಕಡೆಗೆ ಅವರ ದೃಷ್ಟಿ ಇದ್ದಿತೆಂದು ಇದರಿಂದ ತಿಳಿಯಬಹುದು. ಎಂಜಿನ್ನಿನೊಳಗೆ ಎತ್ತಿಲ್ಲ, ಆದುದರಿಂದ ಈ ಅತಿಚಾರವು ಕಾಲಕ್ಕೆ ಸಂದು ಹೋಯಿತು ಎನ್ನುವವರು ಈ ಸ್ಥಾನನಿರ್ದೇಶಕ್ಕೆ ಉತ್ತರ ಹೇಳಬೇಕು.

ಮೂರನೆಯದಾದ ಅತಿವಿಸ್ಮಯವಂತೂ ಶೋರೂಮಿಗೆಂದೇ ಹೇಳಿದಂತಿದೆ. ಪರರ ವಿಭವವನ್ನು ಕಂಡು ಬೆರಗಾಗುವುದು, ಬೆರಗಾಗಿ ಕುದಿಯುವುದು. ಪಕ್ಕದ ಅಂಗಡಿಯವರು ಟಾಪ್ ಎಂಡ್ ತಂದರೆಂಬ ಒಂದೇ ಕಾರಣಕ್ಕೆ ಬೇಸ್ ಮಾಡೆಲ್ಲು ಅವಮಾನವೆನಿಸುವುದಕ್ಕೆ ಇದಕ್ಕಿಂತ ನಿಖರವಾದ ಹೆಸರನ್ನು ಕೊಡಲಾಗದು.

ಇನ್ನು ಎಂಜಿನ್ನು. ನಾಲ್ಕು ಮೀಟರಿಗೆ ಮೀರದ ಉದ್ದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಎಂಬ ಮಿತಿಯನ್ನು ಸರ್ಕಾರವು 2006ರ ಮುಂಗಡಪತ್ರದಿಂದ ಸಣ್ಣ ಕಾರಿಗೆ ಕಟ್ಟಿತು. 2025ರ ಸೆಪ್ಟೆಂಬರ್ 22ರಿಂದ ಈ ಮಿತಿಯೊಳಗಿನವಕ್ಕೆ ಜಿಎಸ್‌ಟಿ ಶೇ. 18, ಮೀರಿದವಕ್ಕೆ ಶೇ. 40 ಆಯಿತು. ಅಂದರೆ ಸರ್ಕಾರಕ್ಕೇ ಒಂದು ಪರಿಮಾಣ ವ್ರತವಿದೆ, ಶ್ರಾವಕನಿಗೆ ಇಲ್ಲ! ಈ ಮಿತಿಯೊಳಗೆ ಕಂಪನಿಗಳು ಎರಡು ದಾರಿ ತೋರಿಸುತ್ತವೆ. ಒಂದು, ಸಾಧಾರಣ 1.2 ಲೀಟರಿನ ಎಂಜಿನ್ನು. ಇನ್ನೊಂದು, ಒಂದು ಲೀಟರಿನ ಟರ್ಬೊ. ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಉಪಾಯ. ಫ್ರಾಂಕ್ಸ್ ಬಿಡುಗಡೆಯಾದಾಗ ಸಾಧಾರಣ ಎಂಜಿನ್ನಿನ ಶಕ್ತಿ ಸುಮಾರು 90 ಪಿಎಸ್, ಟರ್ಬೊದ್ದು 100. ಎಳೆತದ ಬಲವು ಮೊದಲನೆಯದರಲ್ಲಿ 113 ನ್ಯೂಟನ್ ಮೀಟರ್, ಎರಡನೆಯದರಲ್ಲಿ ಸುಮಾರು 148. ಸಾಧಾರಣ ಎಂಜಿನ್ನಿಗೆ ಕೈಗೇರಿನಲ್ಲಿ ಲೀಟರಿಗೆ 21.79 ಕಿಲೋಮೀಟರು, ಟರ್ಬೊಗೆ ಆಟೋಮ್ಯಾಟಿಕ್ಕಿನಲ್ಲಿ 20.01 ಎಂದು ಕಂಪನಿ ಪ್ರಕಟಿಸಿತ್ತು.

ಲೆಕ್ಕ ಬಲ್ಲವರು ಇಲ್ಲಿ ಪ್ರಾಮಾಣಿಕರಾಗಿರಬೇಕು. ವರ್ಷಕ್ಕೆ 10,000 ಕಿಲೋಮೀಟರು ಓಡಿಸಿದರೆ ಈ ಎರಡರ ನಡುವಣ ವ್ಯತ್ಯಾಸ ಸುಮಾರು 40 ಲೀಟರು ಪೆಟ್ರೋಲು, ಅದೂ ಪರೀಕ್ಷೆಯ ಅಂಕಿಗಳ ಪ್ರಕಾರ. ಟರ್ಬೊ ಕೊಂಡವನು ಅಷ್ಟರಿಂದಲೇ ಮಹಾಪಾಪಿಯಾದನೆನ್ನುವುದು ಅತಿರೇಕ. ಆಕ್ಷೇಪವಿರುವುದು ಆ 40 ಲೀಟರಿನ ಮೇಲಲ್ಲ. ಕೊಳ್ಳೇಗಾಲದಿಂದ ಹನೂರಿಗೆ ಸುಮಾರು 25 ಕಿಲೋಮೀಟರು, ಯಳಂದೂರಿಗೆ ಸುಮಾರು 15. ಈ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು, ರಸ್ತೆಯ ಮೇಲೆ ಹರವಿದ ಹುರುಳಿ, ದನಕರು, ಊರಿಗೊಂದು ಹಂಪು. ಅಲ್ಲಿ 100 ಪಿಎಸ್ಸನ್ನು ಎಲ್ಲಿ ಖರ್ಚು ಮಾಡುವುದು? ಖರ್ಚು ಮಾಡಲು ಜಾಗವಿಲ್ಲದ ಶಕ್ತಿಯನ್ನು ಕೊಂಡವನು ಒಂದಲ್ಲ ಒಂದು ದಿನ ಜಾಗವನ್ನು ಹುಡುಕುತ್ತಾನೆ, ಮತ್ತು ಅದು ಸಾಮಾನ್ಯವಾಗಿ ರಾತ್ರಿ ಹೊತ್ತು ಖಾಲಿ ರಸ್ತೆಯಾಗಿರುತ್ತದೆ.

ಮಲೆ ಮಹದೇಶ್ವರ ಬೆಟ್ಟದ ಘಾಟಿಯನ್ನು ಎತ್ತಿ ಹೇಳುವವರಿದ್ದಾರೆ. ತಾಳಬೆಟ್ಟದಿಂದ ಮೇಲಕ್ಕೆ ಹಾವಿನಂತೆ ಸುತ್ತುವ ಆ ತಿರುವುಗಳಲ್ಲಿ ಐದು ಜನರನ್ನೂ ಸಾಮಾನನ್ನೂ ಹೊತ್ತು ಪ್ರತಿದಿನ ಹತ್ತಿಳಿಯುವ ಬಾಡಿಗೆ ವಾಹನದವರಿಗೆ ಟರ್ಬೊದ ಎಳೆತವು ನಿಜವಾದ ಆವಶ್ಯಕತೆಯಾದೀತು; ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ವರ್ಷಕ್ಕೆರಡು ಸಲ ಆ ದಾರಿಯಲ್ಲಿ ಹೋಗುವ ವರ್ತಕರಿಗೆ ಎರಡನೆಯ ಗೇರು ಸಾಕು. ಹಾಗೆಂದು ಅತ್ಯಂತ ಅಗ್ಗದ, ಅತ್ಯಂತ ದುರ್ಬಲವಾದ ಎಂಜಿನ್ನೇ ಧರ್ಮವೆಂದೂ ತಿಳಿಯಬಾರದು. ನಿಸ್ಸಾನ್ ಮ್ಯಾಗ್ನೈಟಿನ ಟರ್ಬೊ ಇಲ್ಲದ ಒಂದು ಲೀಟರಿನ ಎಂಜಿನ್ನಿಗೆ 72 ಪಿಎಸ್. ಒಬ್ಬಿಬ್ಬರು ಊರೊಳಗೆ ಓಡಾಡಲು ಅದು ಯಥೇಷ್ಟ. ಅದಕ್ಕೇ ಐದು ಜನ, ಡಿಕ್ಕಿಯ ತುಂಬ ಮೂಟೆ ಹೇರಿ ಬಿಳಿಗಿರಿರಂಗನ ಬೆಟ್ಟವನ್ನು ಏರಿಸ ಹೊರಟರೆ ಅದು ಐದನೆಯ ಅತಿಚಾರವಾದ ಅತಿಭಾರವಹನವಾಗುತ್ತದೆ. ವ್ರತವು ಕೇಳುವುದು ಪರಿಮಾಣವನ್ನು, ಜಿಪುಣತನವನ್ನಲ್ಲ.

ವಿದ್ಯುತ್ ಕಾರು ಈ ಗೋಜನ್ನೆಲ್ಲ ಕಳೆಯಿತೆಂದು ಸಂತೋಷಪಡುವವರಿಗೆ ಒಂದೇ ಮಾತು. ಟಾಟಾ ಪಂಚ್‌ನ ವಿದ್ಯುತ್ ಮಾದರಿ 2024ರ ಜನವರಿಯಲ್ಲಿ ಬಂದಾಗ ಅದಕ್ಕೂ 25 ಮತ್ತು 35 ಕಿಲೋವ್ಯಾಟ್‌ಅವರ್‌ಗಳ ಎರಡು ಬ್ಯಾಟರಿ, ಅವುಗಳ ಮೇಲೆ ಹಲವು ದರ್ಜೆ. ಹೊಗೆ ಹೋಯಿತು, ಮೆಟ್ಟಿಲು ಹೋಗಲಿಲ್ಲ.

ರಾತ್ರಿಯ ವಿಷಯವನ್ನು ಇನ್ನಷ್ಟು ಹೇಳಬೇಕಾಗಿದೆ. ಸೂರ್ಯಾಸ್ತದ ಮೇಲೆ ಹನಿ ನೀರನ್ನೂ ಮುಟ್ಟದ ನಿಷ್ಠಾವಂತರು ಸಮಾಜದಲ್ಲಿದ್ದಾರೆ. ಅವರಿಗೆ ವಂದನೆ ಸಲ್ಲಬೇಕು. ರಾತ್ರಿಭೋಜನ ತ್ಯಾಗಕ್ಕೆ ಕಾರಣವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಘಾತವಾಗಬಾರದೆಂಬುದು. ಆದರೆ ಮೈಸೂರಿನ ಮದುವೆಯಲ್ಲಿ ಹೊತ್ತಿರುವಾಗಲೇ ಊಟ ಮುಗಿಸಿ, ಅದೇ ರಾತ್ರಿ ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಕೊಳ್ಳೇಗಾಲಕ್ಕೆ ಹಿಂದಿರುಗುವಾಗ, ಮೊದಲ ಮಳೆಗೆ ಎದ್ದ ರೆಕ್ಕೆಯ ಗೆದ್ದಲುಗಳು ದೀಪಕ್ಕೆ ಮುತ್ತಿ ಗಾಜಿನ ಮೇಲೆ ಸಾವಿರ ಲೆಕ್ಕದಲ್ಲಿ ಒರಸಿಹೋಗುತ್ತವೆ. ಬೆಳಗ್ಗೆ ಡ್ರೈವರು ಅದನ್ನು ಸೋಪಿನ ನೀರಿನಿಂದ ತೊಳೆಯುತ್ತಾನೆ. ಈ ಜಿಲ್ಲೆಯ ಒಂದು ಮಗ್ಗುಲಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮ, ಇನ್ನೊಂದು ಮಗ್ಗುಲಲ್ಲಿ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗಿನ ಸಂಚಾರವನ್ನು 2009ರಲ್ಲಿ ನಿಷೇಧಿಸಿದ್ದು ಚಾಮರಾಜನಗರ ಜಿಲ್ಲಾಡಳಿತ. ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳನ್ನು ಉಳಿಸುವುದಕ್ಕಾಗಿ. ಜೀವದಯೆಯ ಈ ನಿಯಮವನ್ನು ಜೈನರಲ್ಲದ ಅಧಿಕಾರಿಗಳೂ ನ್ಯಾಯಾಲಯವೂ ಎತ್ತಿ ಹಿಡಿದವು. ಆ ಹೊತ್ತಿನಲ್ಲಿ ಕೆಲವು ವರ್ತಕ ಮಂಡಲಿಗಳಲ್ಲಿ ಕೇಳಿಬಂದದ್ದು ಸಾಗಾಣಿಕೆಯ ನಷ್ಟದ ಮಾತು.

ದರ್ಜೆಗಳ ಪಟ್ಟಿಗೆ ಬಂದರೆ ಮೊದಲು ಕಣ್ಣಿಗೆ ಬೀಳಬೇಕಾದುದು ಚರ್ಮ. ಹಲವು ಕಂಪನಿಗಳ ಮೇಲ್ದರ್ಜೆಗಳಲ್ಲಿ ಸ್ಟಿಯರಿಂಗಿಗೆ ಚರ್ಮದ ಹೊದಿಕೆ ಇರುತ್ತದೆ. ಸೀಟಿಗೆ ಹಾಕಿದ್ದು ಬಹುಮಟ್ಟಿಗೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ಕು ಬಳಿದ ಕೃತಕ ಚರ್ಮ. ಆದರೆ ಸ್ಟಿಯರಿಂಗಿನದು ಕೃತಕವೋ ಸಹಜವೋ ಎಂದು ಬರವಣಿಗೆಯಲ್ಲಿ ಕೇಳಿ ತಿಳಿಯುವ ಜೈನ ಗಿರಾಕಿ ಎಷ್ಟು ಮಂದಿ? ಚರ್ಮದ ಬೆಲ್ಟನ್ನು ಬಸದಿಯ ಬಾಗಿಲಲ್ಲಿ ಕಳಚಿಡುವವರು ಬಸದಿಯವರೆಗೂ ಎರಡು ಕೈಯಲ್ಲಿ ಏನನ್ನು ಹಿಡಿದು ಬಂದರೆಂದು ಯೋಚಿಸುವುದಿಲ್ಲ. ಕೆಳದರ್ಜೆಯಲ್ಲಿ ಬಟ್ಟೆಯ ಸೀಟು, ಸಾದಾ ಸ್ಟಿಯರಿಂಗು; ಹಣವೂ ಉಳಿಯಿತು, ಸಂದೇಹವೂ ಇಲ್ಲ. ಟಯರಿನ ರಬ್ಬರಿಗೆ ಬೆರೆಸುವ ಸ್ಟಿಯರಿಕ್ ಆಮ್ಲವನ್ನು ಪ್ರಾಣಿಯ ಕೊಬ್ಬಿನಿಂದಲೂ ತಯಾರಿಸುತ್ತಾರೆ, ಹಾಗಾದರೆ ಕಾರನ್ನೇ ಬಿಡಬೇಕಲ್ಲ ಎಂದು ವಾದಿಸುವವರುಂಟು. ಬಿಡಲಾಗದ ಆರಂಭೀ ಹಿಂಸೆಯೂ ಪಟ್ಟಿ ನೋಡಿ ಆರಿಸಿಕೊಂಡ ಹಿಂಸೆಯೂ ಒಂದೇ ಅಲ್ಲ. ರೇಷ್ಮೆಗೆ ಹೆಸರಾದ ಕೊಳ್ಳೇಗಾಲದಲ್ಲಿ ಕುಳಿತು ಚರ್ಮದ ಮಾತಾಡುವುದು ಸಲ್ಲದು ಎಂಬ ಇನ್ನೊಂದು ಆಕ್ಷೇಪವಿದೆ. ಅದು ಸರಿಯಾದ ಆಕ್ಷೇಪ. ಕುದಿಯುವ ನೀರಿನ ಗೂಡಿನ ವಿಚಾರವನ್ನೂ ಒಂದು ದಿನ ಎತ್ತಿಕೊಳ್ಳಲೇಬೇಕು. ಅದನ್ನು ಎತ್ತಿಕೊಳ್ಳದಿರುವುದು ಇದನ್ನು ಬಿಟ್ಟುಬಿಡಲು ರಹದಾರಿಯಾಗದು.

ಸನ್‌ರೂಫಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚೈತ್ರ ವೈಶಾಖದ ಕೊಳ್ಳೇಗಾಲದ ಬಿಸಿಲಿನಲ್ಲಿ ಹಣ ಕೊಟ್ಟು ಛಾವಣಿಗೆ ಕಿಟಕಿ ಕೊರೆಸಿ, ಒಳಬಂದ ಬಿಸಿಲನ್ನು ಹೊರಹಾಕಲು ಏಸಿಯನ್ನು ಜೋರು ಮಾಡುವುದು ಅನರ್ಥದಂಡಕ್ಕೆ ಪಾಠಶಾಲೆಯಲ್ಲಿ ಕೊಡಬಹುದಾದ ಒಳ್ಳೆಯ ಉದಾಹರಣೆ.

ಏರ್‌ಬ್ಯಾಗಿನ ಮಾತು ಬೇರೆ. ಇಲ್ಲಿ ಶ್ರಾವಕನು ಉಳಿತಾಯ ಮಾಡಬಾರದು. ಇಲ್ಲಿಯ ಖರ್ಚು ಜೀವರಕ್ಷಣೆಯ ಖರ್ಚು. ಎರಡು ಏರ್‌ಬ್ಯಾಗು 2022ರಿಂದ ಎಲ್ಲ ಹೊಸ ಕಾರುಗಳಲ್ಲಿ ಕಡ್ಡಾಯ. ಆರನ್ನು ಕಡ್ಡಾಯ ಮಾಡುವ ಪ್ರಸ್ತಾವವು ನಿಂತುಹೋಯಿತು. ಎಕ್ಸ್‌ಟರ್ ಬಂದಾಗಲೇ ಎಲ್ಲ ದರ್ಜೆಗಳಿಗೂ ಆರು ಕೊಟ್ಟಿತು. ಫ್ರಾಂಕ್ಸ್ ಬಂದಾಗ ಕೆಳದರ್ಜೆಗಳಿಗೆ ಎರಡು, ಮೇಲ್ದರ್ಜೆಗೆ ಆರು. 2025ರಲ್ಲಿ ಅಲ್ಲಿಯೂ ಎಲ್ಲಕ್ಕೂ ಆರಾಯಿತು. ಮೊದಲೇ ಕೊಡಬಹುದಾಗಿತ್ತೆಂಬುದು ಇದರಿಂದಲೇ ಸಿದ್ಧ. ಅಲಂಕಾರದ ಗಂಟಿಗೆ ಪ್ರಾಣವನ್ನು ಕಟ್ಟಿ, ಗಂಟು ಕೊಂಡವರಿಗೆ ಮಾತ್ರ ಪ್ರಾಣರಕ್ಷಣೆ ಎನ್ನುವ ವ್ಯಾಪಾರವನ್ನು ವ್ಯಾಪಾರಿಗಳ ಸಮಾಜವೇ ಮೊದಲು ಖಂಡಿಸಬೇಕಿತ್ತು. ಅಂಥ ಪಟ್ಟಿ ಎದುರಾದಾಗ ಏರ್‌ಬ್ಯಾಗಿಗಾಗಿ ಒಂದು ದರ್ಜೆ ಮೇಲೇರಿದವನ ವ್ರತಕ್ಕೆ ಭಂಗವಿಲ್ಲ. ಏರಿದ ಕಾರಣವು ಅವನಿಗೇ ಗೊತ್ತಿರುತ್ತದೆ.

ವರ್ತಕರಿಗೆ ವರ್ತಕರ ಭಾಷೆಯಲ್ಲಿಯೂ ಹೇಳಬಹುದು. ಕರ್ನಾಟಕದ ಆಜೀವ ತೆರಿಗೆಯು 5ರಿಂದ 10 ಲಕ್ಷದ ಕಾರಿಗೆ ಶೇ. 14, 10 ಲಕ್ಷ ಮೀರಿದರೆ ಶೇ. 17, ಸೆಸ್ ಬೇರೆ. 9.90 ಲಕ್ಷದ ದರ್ಜೆಗೆ ತೆರಿಗೆ 1,38,600 ರೂಪಾಯಿ. ‘ಇನ್ನೈವತ್ತು ಸಾವಿರ’ ಎಂದು 10.40 ಲಕ್ಷದ ದರ್ಜೆಗೆ ಏರಿದರೆ 1,76,800. ಐವತ್ತು ಸಾವಿರವೆಂದು ಕೊಂಡದ್ದು 88,200 ಆಯಿತು. ಕಿರಾಣಿ ಚೀಟಿಯಲ್ಲಿ ಎಂಟಾಣೆ ತಪ್ಪನ್ನು ಹಿಡಿಯುವ ಕಣ್ಣು ಆ ಹೊತ್ತಿನಲ್ಲಿ ಎಲ್ಲಿ ಹೋಗಿರುತ್ತದೆಯೋ! ಬಳಿಕ ಆ ಕಾರನ್ನು ಅಂಗಡಿಯ ಲೆಕ್ಕಕ್ಕೆ ಬರೆದು, ಶ್ರವಣಬೆಳಗೊಳದ ಯಾತ್ರೆಯ ಪೆಟ್ರೋಲನ್ನೂ ವ್ಯಾಪಾರದ ಖರ್ಚಿಗೆ ಸೇರಿಸುವವರೂ ಇದ್ದಾರೆ. ಆಗ ಐದನೆಯ ಅಣುವ್ರತದ ಜೊತೆಗೆ ಎರಡನೆಯದೂ ಮೂರನೆಯದೂ ಸವೆಯುತ್ತವೆ.

ಪರಿಹಾರವು ಗ್ರಂಥದಲ್ಲಿಯೇ ಇದೆ. ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಸಮಂತಭದ್ರರು ಕಾಲಮಿತಿಯ ನಿಯಮಕ್ಕೆ ಒಳಪಡಿಸಬಹುದಾದ ವಸ್ತುಗಳಲ್ಲಿ ಭೋಜನದ ಮಗ್ಗುಲಲ್ಲಿಯೇ ವಾಹನವನ್ನು ಹೆಸರಿಸಿದ್ದಾರೆ. ಶೋರೂಮಿನ ಮೆಟ್ಟಿಲು ಹತ್ತುವ ಮೊದಲೇ, ಭಾದ್ರಪದದ ದಶಲಕ್ಷಣದಲ್ಲಿ ಆಕಿಂಚನ್ಯದ ದಿನ ನಿಯಮ ತೆಗೆದುಕೊಳ್ಳುವಂತೆಯೇ, ಕುಳಿತುಕೊಳ್ಳುವವರ ಸಂಖ್ಯೆ, ವರ್ಷದ ಓಡಾಟ, ಹತ್ತುವ ಘಾಟಿ, ಕೊಡುವ ಹಣ ಇಷ್ಟನ್ನೂ ಬರೆದು ಮನೆಯವರೆಲ್ಲರ ಸಹಿ ಹಾಕಿಸಿದರೆ ಆಯಿತು. ಆ ಚೀಟಿಯಲ್ಲಿಲ್ಲದ ದರ್ಜೆಯನ್ನು ಶೋರೂಮಿನವನು ತೋರಿಸಿದರೂ ಕಾಣುವುದಿಲ್ಲ.

ಆದರೆ ಎಲ್ಲ ಕಾರನ್ನೂ ಓಡಿಸುವವನೇ ಕೊಳ್ಳುವುದಿಲ್ಲ ಎಂಬುದೇ ಈ ಪ್ರಸ್ತಾವದ ಅತ್ಯಂತ ನಾಚಿಕೆಯ ಭಾಗ. ವರದಕ್ಷಿಣೆ ನಿಷೇಧ ಕಾಯಿದೆ 1961ರದು. ಅಂದಿನಿಂದ ಯಾರೂ ವರದಕ್ಷಿಣೆ ಕೇಳುವುದಿಲ್ಲ; ‘ಹುಡುಗನಿಗೆ ಓಡಾಟಕ್ಕೆ ಒಂದು ಗಾಡಿ’ ಎನ್ನುತ್ತಾರೆ. ಈಚೆಗೆ ಗಾಡಿ ಎಂದಷ್ಟಕ್ಕೇ ಮಾತು ನಿಲ್ಲುತ್ತಿಲ್ಲ. ಯಾವ ಎಂಜಿನ್ನು, ಯಾವ ದರ್ಜೆ, ಯಾವ ಬಣ್ಣ ಎಂಬವರೆಗೂ ಹುಡುಗನ ಕಡೆಯ ಹಿರಿಯರು ನಗುನಗುತ್ತಾ ಸೂಚಿಸುತ್ತಾರೆ. ತಾನು ಹಣ ಕೊಡದ ಕಾರಿಗೆ ಎಲ್ಲರೂ ಟರ್ಬೊವನ್ನೇ ಆರಿಸುತ್ತಾರೆ. ಅತಿಲೋಭವೆಂಬ ನಾಲ್ಕನೆಯ ಅತಿಚಾರಕ್ಕೆ ಅಷ್ಟಾಹ್ನಿಕದ ಪೂಜೆಗಳೂ ಪಂಚಕಲ್ಯಾಣದ ಬೋಲಿಗಳೂ ಪ್ರಾಯಶ್ಚಿತ್ತವಾಗಲಾರವು. ಹುಡುಗಿಯ ತಂದೆ ಹನೂರಿನ ಸಣ್ಣ ಅಂಗಡಿಯವನಾದರೆ ಏಳು ವರ್ಷದ, ಅಂದರೆ 84 ಕಂತಿನ ಸಾಲಕ್ಕೆ ಸಹಿ ಹಾಕುತ್ತಾನೆ. ಅವನೂ ಲೆಕ್ಕ ಬಲ್ಲವನೇ. ವರ್ಷಕ್ಕೆ ಶೇ. 15ರ ಸವಕಳಿ ಕಳೆದರೆ ಹತ್ತು ಲಕ್ಷದ ಕಾರು ಕೊನೆಯ ಕಂತು ತೀರುವ ಹೊತ್ತಿಗೆ ಪುಸ್ತಕದಲ್ಲಿ ಸುಮಾರು 3.21 ಲಕ್ಷವಾಗಿ ನಿಂತಿರುತ್ತದೆ. ಅಷ್ಟರಲ್ಲಿ ಎರಡನೆಯ ಮಗಳಿಗೆ ಗಂಡು ನೋಡಲು ತೊಡಗಿರುತ್ತಾರೆ, ಮತ್ತು ಕಂಪನಿಯವರು ಹೊಸ ಮಾಡೆಲ್ಲು ಬಿಟ್ಟಿರುತ್ತಾರೆ.