ಲೆಕ್ಕ ಹೊರಗೆ, ಪುರಾವೆ ಒಳಗೆ: ನಂಬಿಕೆ ಯಾರ ಮೇಲೆ?

ಲೆಕ್ಕ ಬರೆದವನನ್ನು ನಂಬಬೇಕಿಲ್ಲ, ಲೆಕ್ಕವನ್ನು ಪರೀಕ್ಷಿಸಿದರೆ ಸಾಕು. ಬ್ಲಾಕ್‌ಚೈನ್ ತಂತ್ರಜ್ಞಾನ ನೀಡಿದ ಮೂಲ ಭರವಸೆಯಿದು. ಆದರೆ ಈ ಭರವಸೆ ದುಬಾರಿ. ಎಥೀರಿಯಮ್ ಜಾಲದಲ್ಲಿ ಒಬ್ಬರು ನಡೆಸಿದ ವಹಿವಾಟಿನ ಲೆಕ್ಕವನ್ನು ಸಾವಿರಾರು ಕಂಪ್ಯೂಟರುಗಳು ಪ್ರತ್ಯೇಕವಾಗಿ ಮತ್ತೆ ಮಾಡಿ ನೋಡುತ್ತವೆ. ಆದಕಾರಣ ಬಹುಕಾಲ ಆ ಜಾಲ ಸೆಕೆಂಡಿಗೆ ಸುಮಾರು 15 ವಹಿವಾಟುಗಳನ್ನಷ್ಟೇ ನಿಭಾಯಿಸುತ್ತಿತ್ತು. ಬೇಡಿಕೆ ಹೆಚ್ಚಿದಾಗಲೆಲ್ಲ ಶುಲ್ಕ ಗಗನಕ್ಕೇರುತ್ತಿತ್ತು.

ಇದಕ್ಕೆ ತಂತ್ರಜ್ಞರು ಕಂಡುಕೊಂಡ ಪರಿಹಾರ, ಲೆಕ್ಕವನ್ನು ಜಾಲದ ಹೊರಗೇ ಮುಗಿಸುವುದು. ನೂರಾರು ವಹಿವಾಟುಗಳನ್ನು ಒಂದು ಕಟ್ಟಾಗಿಸಿ, ಫಲಿತಾಂಶವನ್ನೂ ಅದು ಸರಿಯೆಂಬುದಕ್ಕೆ ಗಣಿತದ ಪುಟ್ಟ ಪುರಾವೆಯೊಂದನ್ನೂ ಜಾಲಕ್ಕೆ ಒಪ್ಪಿಸಲಾಗುತ್ತದೆ. ಜಾಲವು ಲೆಕ್ಕವನ್ನು ಮತ್ತೆ ಮಾಡುವುದಿಲ್ಲ, ಪುರಾವೆಯನ್ನಷ್ಟೇ ಪರಿಶೀಲಿಸುತ್ತದೆ. 2023ರ ಮಾರ್ಚ್‌ನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಝಡ್‌ಕೆಸಿಂಕ್ ಎರಾ ಇಂಥದೊಂದು ವ್ಯವಸ್ಥೆ. ಇದರ ಬೇರು ಇರುವುದು ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೋ ಮಿಕಾಲಿ ಮತ್ತು ಚಾರ್ಲ್ಸ್ ರಾಕಾಫ್ 1985ರಲ್ಲಿ ಮಂಡಿಸಿದ ‘ಶೂನ್ಯ ಜ್ಞಾನ ಪುರಾವೆ’ ಎಂಬ ಪರಿಕಲ್ಪನೆಯಲ್ಲಿ. ಗುಟ್ಟನ್ನು ಬಿಟ್ಟುಕೊಡದೆಯೇ ತನ್ನ ಮಾತು ಸತ್ಯವೆಂದು ಸಾಧಿಸಿ ತೋರಿಸುವ ವಿದ್ಯೆಯದು.

ಹಾಗಾದರೆ ಯಾರನ್ನೂ ನಂಬಬೇಕಿಲ್ಲವೇ? ಝಡ್‌ಕ್ಯಾಶ್ ನಾಣ್ಯದ ಪ್ರಕರಣ ಬೇರೆಯದೇ ಪಾಠ ಹೇಳುತ್ತದೆ. 2016ರಲ್ಲಿ ಆರಂಭವಾದ ಈ ನಾಣ್ಯ ಇಂಥ ಪುರಾವೆಗಳನ್ನೇ ನೆಚ್ಚಿಕೊಂಡಿತ್ತು. ಅದು ಆಧರಿಸಿದ್ದ ಸಂಶೋಧನಾ ಪ್ರಬಂಧದಲ್ಲೇ ದೋಷವಿರುವುದನ್ನು ಸಂಸ್ಥೆಯ ಗೂಢಲಿಪಿ ತಜ್ಞ ಏರಿಯಲ್ ಗಬಿಜೋನ್ 2018ರ ಮಾರ್ಚ್‌ನಲ್ಲಿ ಪತ್ತೆ ಹಚ್ಚಿದರು. ದೋಷ ಬಲ್ಲವರು ಸುಳ್ಳು ಪುರಾವೆ ಸೃಷ್ಟಿಸಿ, ಯಾರ ಕಣ್ಣಿಗೂ ಬೀಳದಂತೆ ಖೋಟಾ ನಾಣ್ಯ ಟಂಕಿಸಬಹುದಿತ್ತು. ಸಂಸ್ಥೆ ವಿಷಯವನ್ನು ಗುಟ್ಟಾಗಿಟ್ಟು, ಅದೇ ವರ್ಷದ ಅಕ್ಟೋಬರ್‌ನಲ್ಲಿ ದೋಷವನ್ನು ಸರಿಪಡಿಸಿತು. ಜಗತ್ತಿಗೆ ತಿಳಿದದ್ದು 2019ರ ಫೆಬ್ರವರಿಯಲ್ಲಿ. ದುರ್ಬಳಕೆಯ ಕುರುಹು ಸಿಗಲಿಲ್ಲ ಎಂದು ಸಂಸ್ಥೆ ತಿಳಿಸಿತು. ಆದರೆ ವಹಿವಾಟಿನ ಮೊತ್ತವನ್ನೇ ಮರೆಮಾಚುವ ವ್ಯವಸ್ಥೆಯಲ್ಲಿ ಕುರುಹು ಹುಡುಕುವುದೇ ಕಠಿಣ ಎಂಬುದು ಗಮನಾರ್ಹ.

ಇಲ್ಲಿ ನಂಬಿಕೆ ಅಳಿಯಲಿಲ್ಲ, ಸ್ಥಳಾಂತರಗೊಂಡಿತು. ಲೆಕ್ಕ ಮಾಡುವವನ ಬದಲು ಪುರಾವೆಯ ಸೂತ್ರ ರಚಿಸಿದವರನ್ನು, ಅದನ್ನು ತಂತ್ರಾಂಶವಾಗಿಸಿದವರನ್ನು ನಂಬಬೇಕಾಯಿತು. ಅನೇಕ ವ್ಯವಸ್ಥೆಗಳಲ್ಲಿ ಪುರಾವೆ ಪರಿಶೀಲಿಸುವ ತಂತ್ರಾಂಶವನ್ನೇ ಬದಲಿಸುವ ಕೀಲಿಕೈ ಕೆಲವೇ ಜನರ ಮಂಡಳಿಯೊಂದರ ಬಳಿ ಇರುತ್ತದೆ. ದೋಷ ಕಂಡಾಗ ಕೂಡಲೇ ತಿದ್ದಲು ಅದು ಅಗತ್ಯ. ಅದೇ ಕೀಲಿಕೈ ದುರುಪಯೋಗವಾದರೆ ಗಣಿತವೂ ಅಸಹಾಯಕ.

ಹಾಗೆಂದು ವಿದ್ಯೆಯನ್ನು ತಳ್ಳಿಹಾಕಬೇಕಿಲ್ಲ. ಇಂಥ ವ್ಯವಸ್ಥೆಯಲ್ಲಿ ಹಣ ತೊಡಗಿಸುವವರು ಕೇಳಬೇಕಾದ ಪ್ರಶ್ನೆಗಳಿವೆ: ಪುರಾವೆಯ ತಂತ್ರಾಂಶ ಬಹಿರಂಗವಾಗಿದೆಯೇ? ಹೊರಗಿನವರು ಪರಿಶೋಧಿಸಿದ್ದಾರೆಯೇ? ಕೀಲಿಕೈ ಯಾರ ಬಳಿ ಇದೆ? ಇವುಗಳಿಗೆ ಗಣಿತ ಉತ್ತರಿಸದು, ಮನುಷ್ಯರೇ ಉತ್ತರಿಸಬೇಕು.