ದೂರ ಇಡೋದು ಬ್ಯಾರೆ, ದೂರ ಮಾಡೋದು ಬ್ಯಾರೆ

ಅಕ್ಕಂದಿರಾ, ತಂಗೇರಾ, ಓಣಿ ಗೆಳತೇರಾ,

ಈ ಸಲ ಶೇಂಗಾ ಚಟ್ನಿಪುಡಿ ಬಗ್ಗೆ ಬರೀಬೇಕಂತಿದ್ದೆ. ಅದು ಮುಂದಿನ ಸಲಕ್ಕಿರಲಿ. ನಮ್ಮ ಚಿನ್ನಿ ವಿಷಯದಾಗ ನೀವು ಒಬ್ಬೊಬ್ಬರು ಒಂದೊಂದು ತೀರ್ಪು ಕೊಡಾಕತ್ತೀರಿ, ಅದಕ್ಕ ಉತ್ತರ ಬರೆದೇ ಬಿಡ್ತೀನಿ. "ಚೀಲದಾಗ ಹಾಕ್ಕೊಂಡು ಸಿರುಗುಪ್ಪ ರೋಡಿನ ರೈಸ್ ಮಿಲ್ ಹತ್ರ ಬಿಟ್ಟು ಬಾ, ಇಲಿ ತಿಂದು ಬದುಕ್ತೈತಿ" ಅಂತ ಒಬ್ಬರು. "ಮೊಮ್ಮಕ್ಕಳು ಬರೋ ಮನಿ, ಅಂಟುರೋಗದ ಬೆಕ್ಕು ಯಾಕ?" ಅಂತ ಇನ್ನೊಬ್ಬರು. "ಒಂದೇ ಕೋಣ್ಯಾಗ ಕೂಡಿಹಾಕೋದಕ್ಕಿಂತ ಸೂಜಿ ಚುಚ್ಚಿಸಿಬಿಡು, ಪುಣ್ಯ ಬರ್ತೈತಿ" ಅಂತ ಮತ್ತೊಬ್ಬರು.

ಮೊದಲು ರೋಗ ಯಾವುದಂತ ತಿಳ್ಕೊಳ್ರಿ. ಚಿನ್ನಿಗೆ ಇರೋದು ಫೆಲೈನ್ ಲ್ಯುಕೀಮಿಯಾ. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಾಗ ವಿಲಿಯಂ ಜಾರೆಟ್ ಅನ್ನೋ ಪಶುವೈದ್ಯರು, ಅವರ ಜೊತಿಯವರು ಇದರ ವೈರಸ್ ಕಂಡುಹಿಡಿದರು. ಅರವತ್ತು ವರ್ಷದ ಮ್ಯಾಲಾತು. ಇದು ಬೆಕ್ಕಿಂದ ಬೆಕ್ಕಿಗೆ ಹತ್ತೋ ರೋಗ. ಮನುಷ್ಯರಿಗೆ ಬರಂಗಿಲ್ಲ, ನಾಯಿಗೆ ಬರಂಗಿಲ್ಲ, ಎಮ್ಮಿ ಕೋಳಿಗೂ ಬರಂಗಿಲ್ಲ. ಒಂದನ್ನೊಂದು ನೆಕ್ಕಿದರ, ಒಂದೇ ಬಟ್ಟಲಾಗ ಉಂಡರ, ಜಗಳಾಡಿ ಕಚ್ಚಿದರ ಎಂಜಲಿಂದ ಹತ್ತತೈತಿ. ತಾಯಿಂದ ಮರಿಗೂ ಹೋಗ್ತೈತಿ. ಮೈಯಿಂದ ಹೊರಗ ಬಿದ್ದ ಮ್ಯಾಲೆ ಈ ವೈರಸ್ಸಿಗೆ ಬಾಳ ಹೊತ್ತು ಜೀವ ಇಲ್ಲ. ಸೋಪಿನ ನೀರು ಸಾಕು.

2025ರಲ್ಲಿ ನಮ್ಮ ಪಕ್ಕದ ರಾಯಚೂರಾಗ ಬೆಕ್ಕುಗಳಿಗೆ ಬಂತು ಅಂತ ಟಿವಿಯಾಗ ತೋರಿಸಿದ ಎಫ್‌ಪಿವಿ ಬ್ಯಾರೆ. ಅದು ಮನಿ ಸಂದಿಗೊಂದಿಯೊಳಗ ತಿಂಗಳಾನುಗಟ್ಟಲೆ ಉಳಿಯೋ ಗಟ್ಟಿ ವೈರಸ್ಸು, ಮರಿಗಳನ್ನ ನಾಕೈದು ದಿನದಾಗ ತೊಗೊಂಡು ಹೋಗ್ತೈತಿ. ಅದಕ್ಕ ಲಸಿಕಿ ಐತಿ, ಹಾಕಿಸ್ರಿ. ಅದೂ ಮನುಷ್ಯರಿಗೆ ಬರಂಗಿಲ್ಲ. ಬೆಕ್ಕಿಂದ ನಮಗ ಬರೋವು ಗಜಕರ್ಣ, ಹುಚ್ಚುರೋಗ ಇಂಥವು. ಬಸುರಿ ಇದ್ದಾಕಿ ಬೆಕ್ಕಿನ ಹೇಲು ಬಳಿಯಬಾರದು ಅನ್ನೋದೂ ಖರೇ, ಅದು ಟಾಕ್ಸೊಪ್ಲಾಸ್ಮಾ ಸಲುವಾಗಿ. ಹೆದರೋದಾದ್ರ ಯಾವುದಕ್ಕ ಹೆದರಬೇಕೋ ಅದಕ್ಕ ಹೆದರ್ರಿ. ಎಲ್ಲಾ ಒಂದೇ ಬುಟ್ಟಿಗೆ ಹಾಕಬ್ಯಾಡ್ರಿ.

ಇನ್ನು ಮಿಲ್ ಹತ್ರ ಬಿಡೋ ಮಾತು. ಅಲ್ಲಿ ಬೆಕ್ಕು ಇಲ್ಲೇನು? ಇಕಿ ಹೋಗಿ ಜಗಳಾಡಿ ಕಚ್ಚಿಸ್ಕೊಂಡು, ಕಚ್ಚಿ, ಹತ್ತು ಬೆಕ್ಕಿಗೆ ರೋಗ ಹಂಚ್ತಾಳ. ಅಂಟುರೋಗಕ್ಕ ಹೆದರಿ ಅಂಟುರೋಗ ಬಿತ್ತಿ ಬಂದಂಗಾತು. ಮ್ಯಾಲೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ, ಅನ್ನನೀರಿಲ್ಲದೆ ನರಳೋ ಸ್ಥಿತಿಯೊಳಗ ಪ್ರಾಣಿನ ಬಿಟ್ಟುಬರೋದು ಅಪರಾಧ.

"ಒಬ್ಬಂಟಿ ಇಡೋದೇ ಹಿಂಸೆ" ಅನ್ನೋ ಮಾತು ಮಾತ್ರ ನನಗ ನಾಟ್ತು, ಯಾಕಂದ್ರ ಅದರಾಗ ಕನಿಕರ ಐತಿ. ಆದ್ರ ಹಿಂಸೆ ಇರೋದು ಕೋಣ್ಯಾಗಲ್ಲ ಯವ್ವಾ, ನಾವು ಇಡೋ ರೀತಿಯೊಳಗ. ನಮ್ಮ ಹಿರೇರ ಕಾಲದಾಗ ಮಕ್ಕಳಿಗೆ ಅಮ್ಮ ಬಂದ್ರ ಬ್ಯಾರೆ ಇಡ್ತಿದ್ದರು. ಆದ್ರ ತಲಿ ಹತ್ರ ಬೇವಿನಸೊಪ್ಪು ಇಟ್ಟು, ತಣ್ಣನ್ನ ಮೊಸರನ್ನ ಉಣಿಸಿ, ಒಬ್ಬರು ಬಿಡದಂಗ ಪಕ್ಕದಾಗ ಕೂಡ್ತಿದ್ದರು. ಅದೂ ದೂರ ಇಡೋದೇ. ಮೂರು ದಿನ ಹೊರಗ ಕೂಡ್ಸಿ, ಗಂಗಾಳ ಕಾಲಿಲೆ ಸರಿಸಿದ್ದೂ ದೂರ ಇಡೋದೇ. ಎರಡರ ಫರಕು ನಮ್ಮ ವಯಸ್ಸಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರಾಗ ಕೊರೋನಾ ಬಂದಾಗ ಗಂಡಸರಿಗೂ ಒಂದೀಟು ತಿಳೀತು.

ಬೆಕ್ಕು ನಾಯಿ ಅಲ್ಲ, ಹಿಂಡಿನ ಪ್ರಾಣಿ ಅಲ್ಲ. ಒಂದೇ ತಿರುಗಿ ಬೇಟೆ ಆಡೋ ಜಾತಿ. ಅದಕ್ಕ ಇನ್ನೊಂದು ಬೆಕ್ಕು ಇರಲೇಬೇಕಂತಿಲ್ಲ. ಹತ್ತಾಕ ಎತ್ತರ, ಅಡಗಾಕ ಮೂಲಿ, ನೋಡಾಕ ಕಿಟಕಿ, ಹೊತ್ತಿಗೆ ಸರಿಯಾಗಿ ಊಟ ಆಟ, ದಿನಾ ಬರೋ ಒಬ್ಬ ಮನುಷ್ಯ, ಇಷ್ಟು ಬೇಕು.

ನಮ್ಮನ್ಯಾಗ ಹಿತ್ತಲ ಕಡಿ ಕೋಣಿ ಆಕಿಗೆ. ಮಾಳಿಗಿ ಮ್ಯಾಲಿನ ತಗಡಿನ ಶೆಡ್ಡಿನಾಗ ಇಡಬ್ಯಾಡ್ರಿ, ಬಳ್ಳಾರಿ ಬಿಸಲಿಗೆ ಬೆಂದುಹೋಗ್ತೈತಿ. ಕಿಟಕಿಗೆ ಜಾಳಿಗಿ ಹೊಡೆಸಿ, ಒಳಗ ಹಲಗಿ ಕೂಡ್ಸೀನಿ. ಹೊರಗ ಕಾಳು ಚೆಲ್ಲಿದ್ರ ಗುಬ್ಬಿ, ಅಳಿಲು ಬರ್ತಾವ, ಅವೇ ಆಕಿ ಧಾರಾವಾಹಿ. ನಮ್ಮೂರಾಗ ಜೀನ್ಸ್ ಹೊಲಿಯೋ ಮನಿಗಳಿಗೇನು ಬರ, ಅಲ್ಲಿಂದ ತಂದ ತುಂಡುಬಟ್ಟಿ ಮರದ ತುಂಡಿಗೆ ಸುತ್ತಿ ಕೊಟ್ಟೀನಿ, ಉಗುರು ಮಸಿಯಾಕ. ರಟ್ಟಿನ ಡಬ್ಬಿ ವಾರಕ್ಕೊಂದು ಬದಲಿ. ಹೊರಗಿಂದ ಒಂದು ಒಣ ಎಲಿ, ಒಂದು ಕಡ್ಡಿ ಒಯ್ದು ಕೊಟ್ಟರ ಅರ್ಧ ತಾಸು ಮೂಸ್ತಾಳ. ದಾರ ಕಟ್ಟಿ ಆಡಿಸಿದ ಮ್ಯಾಲೆ ದಾರ ಎತ್ತಿಡ್ರಿ, ನುಂಗಿದ್ರ ಕರುಳಿಗೆ ಸುತ್ತತೈತಿ. ಹೇಲು ಉಚ್ಚಿಗೆ ಬುಟ್ಟ್ಯಾಗ ಉಸುಕು, ದಿನಾ ತೆಗೀಬೇಕು.

"ಟೈಮ್ ಎಲ್ಲೈತಿ?" ಅಂತೀರಿ. ಅಕ್ಕಿ ಆರ್ಸೋದು, ಸೊಪ್ಪು ಬಿಡಿಸೋದು, ನಿಮ್ಮ ಜೊತಿ ಫೋನಿನಾಗ ಮಾತಾಡೋದು, ಎಲ್ಲಾ ಆ ಕೋಣ್ಯಾಗೇ ಕೂತು ಮಾಡ್ತೀನಿ. ಕೆಲಸ ಹೆಚ್ಚಾಗಿಲ್ಲ, ಕೂಡೋ ಜಾಗ ಬದಲಾಗೈತಿ ಅಷ್ಟ.

ಇನ್ನೊಂದು ಬೆಕ್ಕು ಇದ್ದವರು ಮೊದಲು ಅದಕ್ಕ ಉಣ್ಣಾಕ ಹಾಕಿ, ಕಡೀಕ ಬ್ಯಾನಿ ಬೆಕ್ಕಿನ ಕೋಣಿಗೆ ಹೋಗ್ರಿ, ಬರೋವಾಗ ಕೈ ತೊಳ್ಕೊಳ್ರಿ. ಬಟ್ಟಲು ಬುಟ್ಟಿ ಬ್ಯಾರೆ ಬ್ಯಾರೆ. ಹಸಿಮಾಂಸ ಕೊಡಬ್ಯಾಡ್ರಿ, ಆಕಿ ಮೈಗೆ ರೋಗ ತಡಿಯೋ ಶಕ್ತಿ ಕಡಿಮಿ. ಬೆಕ್ಕಿನ ಕೋಣಿಗೆ ಫಿನೈಲ್, ನುಸಿಗುಳಿಗಿ ಬ್ಯಾಡ. ಜ್ವರ ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಟ್ಟೀರಿ, ಒಂದು ಗುಳಿಗಿ ಸಾಕು ಜೀವ ಹೋಗಾಕ. ಒಂದು ಸಲ ಪರೀಕ್ಷೆ ಬಂತು ಅಂದಕೂಡ್ಲೇ ತೀರ್ಪು ಬರೀಬ್ಯಾಡ್ರಿ, ಡಾಕ್ಟ್ರು ಕೆಲವು ವಾರ ಬಿಟ್ಟು ಮತ್ತ ನೋಡ್ತಾರ.

ಈ ರೋಗ ಇದ್ದ ಎಷ್ಟೋ ಬೆಕ್ಕು ಎರಡು ಮೂರು ವರ್ಷ ಚೆನ್ನಾಗೇ ಇರ್ತಾವ, ಕೆಲವು ಇನ್ನೂ ಹೆಚ್ಚು. ಚಿನ್ನಿ ಉಣ್ಣೋದು ಬಿಟ್ಟು, ಮೈ ನೆಕ್ಕೋದು ಬಿಟ್ಟು, ನೋವಿಲೆ ಮೂಲಿ ಹಿಡಿದ ದಿನ ಡಾಕ್ಟ್ರು ಏನು ಹೇಳ್ತಾರೋ ಕೇಳ್ತೀನಿ, ಸೂಜಿ ಅಂದ್ರ ಸೂಜಿ. ಅದು ಆಕಿ ನೋವು ನೋಡಿ ಮಾಡೋ ತೀರ್ಮಾನ, ನಮ್ಮ ಹೇಸಿಕಿ ನೋಡಿ ಮಾಡೋದಲ್ಲ. ಇವತ್ತಂತೂ ಹಲಗಿ ಮ್ಯಾಲೆ ಕೂತು ಅಳಿಲಿಗೆ ಬಯ್ಯಾಕತ್ತಾಳ.

ಅದಕ್ಕ, "ಬಿಟ್ಟು ಬಾ" ಅನ್ನೋರು ಒಂದು ಸಲ ಬಂದು ಆ ಕೋಣ್ಯಾಗ ಕೂಡ್ರಿ. ಮಕ್ಕಳನ್ನೂ ಕರ್ಕೊಂಡು ಬರ್ರಿ, ಏನೂ ಹತ್ತಂಗಿಲ್ಲ. ಚಹಾ ಅಲ್ಲೇ ಕೊಡ್ತೀನಿ. ಬರೋವಾಗ ಒಂದು ರಟ್ಟಿನ ಡಬ್ಬಿ ತರ್ರಿ.